ಹೊಸತನಕ್ಕೆ ಒದಗುವ ಕಾರ್ಯವಿಧಾನಗಳ ಆಯ್ಕೆ: ಮಂಡ್ಯ ಸೀಮೆಯ ಬೆಲ್ಲದ ಉದ್ಯಮವನ್ನು ಆಧರಿಸಿದ ಒಂದು ಅಧ್ಯಯನ

ಪೀಠಿಕೆ

ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ಉದ್ಯಮಿಗಳಲ್ಲಿ ಹೊಸ ಆಲೋಚನೆಗಳಿಗೆ ಕೊರತೆಯಿಲ್ಲ. ಪುಡಿ ಬೆಲ್ಲ, ಶುಂಠಿ-ಏಲಕ್ಕಿ ಬೆರೆಸಿದ ಬೆಲ್ಲ, ಕಾಫಿ ಲೋಟಕ್ಕೆ ಒಂದರಂತೆ ಹಾಕಬಹುದಾದ ಚಿಕ್ಕ ಅಚ್ಚು, ಬಾಟಲಿಯಲ್ಲಿ ತುಂಬಿದ ಜೋನಿ ಬೆಲ್ಲ ಇವೆಲ್ಲವನ್ನೂ ಇಲ್ಲಿ ಒಬ್ಬರಲ್ಲ ಒಬ್ಬರು ಮಾಡಿ ನೋಡಿದ್ದಾರೆ. ಆದರೂ ಇಂತಹ ಪ್ರಯತ್ನಗಳಲ್ಲಿ ಅನೇಕವು ಒಂದೆರಡು ಹಂಗಾಮು ದಾಟದೆ ನಿಂತುಹೋಗುತ್ತವೆ. ಸರಕು ಕೆಟ್ಟದ್ದಾಗಿತ್ತು ಎಂಬುದು ಇದಕ್ಕೆ ಯಾವಾಗಲೂ ಕಾರಣವಲ್ಲ. ಹೊಸ ಸರಕನ್ನು ಹಳೆಯ ರೀತಿಯಲ್ಲಿಯೇ ಕೊಂಡು, ಹಳೆಯ ರೀತಿಯಲ್ಲಿಯೇ ಕೂಲಿ ಕೊಟ್ಟು, ಹಳೆಯ ರೀತಿಯಲ್ಲಿಯೇ ಲೆಕ್ಕ ಬರೆದು ಮಾರಲು ಹೊರಟದ್ದೇ ಬಹುಪಾಲು ಸೋಲುಗಳ ಮೂಲವಾಗಿರುತ್ತದೆ.

ಹೊಸತನವೆಂದರೆ ಹೊಸ ಸರಕು ಮಾತ್ರ ಎಂಬ ಭಾವನೆ ನಮ್ಮ ವ್ಯಾಪಾರಿ ವರ್ಗದಲ್ಲಿ ಇನ್ನೂ ಉಳಿದಿದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ಪ್ರಕಟಿಸುವ ‘ಓಸ್ಲೊ ಕೈಪಿಡಿ’ ಎಂಬ ಅಂತಾರಾಷ್ಟ್ರೀಯ ಮಾರ್ಗದರ್ಶಿಯು 2005ರ ಮೂರನೆಯ ಆವೃತ್ತಿಯಲ್ಲಿ ಹೊಸತನವನ್ನು ಸರಕು, ಉತ್ಪಾದನಾ ವಿಧಾನ, ಮಾರಾಟ ವಿಧಾನ ಮತ್ತು ಸಂಘಟನೆ ಎಂದು ನಾಲ್ಕಾಗಿ ವಿಂಗಡಿಸಿತ್ತು. 2018ರ ನಾಲ್ಕನೆಯ ಆವೃತ್ತಿಯಲ್ಲಿ ಇವನ್ನು ಎರಡಕ್ಕೆ ಇಳಿಸಲಾಯಿತು: ಒಂದು ಸರಕಿನ ಹೊಸತನ, ಇನ್ನೊಂದು ವ್ಯವಹಾರ ಕಾರ್ಯವಿಧಾನದ ಹೊಸತನ. ಖರೀದಿ, ತಯಾರಿಕೆ, ಸಾಗಣೆ, ಮಾರಾಟ, ಲೆಕ್ಕಪತ್ರ, ಆಡಳಿತ ಎಲ್ಲವೂ ಎರಡನೆಯ ಗುಂಪಿಗೆ ಸೇರುತ್ತವೆ. ಈ ಎರಡನೆಯ ಬಗೆಯನ್ನು ಕಡೆಗಣಿಸಿ ಮೊದಲನೆಯದನ್ನು ಸಾಧಿಸುವುದು ಕಷ್ಟ. ಈ ಮಾತನ್ನು ಜಿಲ್ಲೆಯ ಬೆಲ್ಲದ ಉದ್ಯಮದ ಉದಾಹರಣೆಯೊಡನೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಕಾರ್ಯವಿಧಾನ ಎಂದರೇನು?

ಒಂದು ಸಂಸ್ಥೆಯಲ್ಲಿ ದಿನನಿತ್ಯ ಒಂದೇ ಕ್ರಮದಲ್ಲಿ ಪುನರಾವರ್ತನೆಗೊಳ್ಳುವ, ಹಣ ಅಥವಾ ಸರಕು ಕೈ ಬದಲಾಯಿಸುವ ಕೆಲಸಗಳ ಸರಣಿಯನ್ನು ವ್ಯವಹಾರ ಕಾರ್ಯವಿಧಾನ ಎನ್ನಬಹುದು. ಅದನ್ನು ಬರವಣಿಗೆಯಲ್ಲಿ ಇಟ್ಟಿರಬೇಕೆಂದೇನೂ ಇಲ್ಲ. ಚಿಕ್ಕ ಉದ್ಯಮಗಳಲ್ಲಿ ಅದು ಸಾಮಾನ್ಯವಾಗಿ ‘ಹಿಂದಿನಿಂದ ನಡೆದು ಬಂದ ಪದ್ಧತಿ’ ಎಂಬ ರೂಪದಲ್ಲಿ ಇರುತ್ತದೆ. ಯಾವುದೇ ಕಾರ್ಯವಿಧಾನವನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು.

(ಅ) ತೀರ್ಮಾನ ಕೈಗೊಳ್ಳುವವರು ಯಾರು?
(ಆ) ಯಾವ ಅಳತೆಯ ಮೇಲೆ ಹಣ ಸಂದಾಯವಾಗುತ್ತದೆ?
(ಇ) ನಡೆದದ್ದು ಎಲ್ಲಿ ದಾಖಲಾಗುತ್ತದೆ?

ಇವುಗಳಲ್ಲಿ ಎರಡನೆಯ ಪ್ರಶ್ನೆಯೇ ಪ್ರಧಾನವಾದುದು. ಮಾಲೀಕರು ಬಾಯಲ್ಲಿ ಗುಣಮಟ್ಟದ ಮಾತನಾಡಿ ತೂಕದ ಮೇಲೆ ಹಣ ಕೊಟ್ಟರೆ ಅವರಿಗೆ ದೊರೆಯುವುದು ತೂಕವೇ ಹೊರತು ಗುಣಮಟ್ಟವಲ್ಲ.

2. ಜಿಲ್ಲೆಯ ಚರಿತ್ರೆ ಹೇಳುವ ಪಾಠ

ಕಾರ್ಯವಿಧಾನವನ್ನು ಮೊದಲು ಗಟ್ಟಿ ಮಾಡಿಕೊಂಡು ಹೊಸತನಕ್ಕೆ ಕೈಹಾಕಿದ ನಿದರ್ಶನಗಳನ್ನು ಹುಡುಕಲು ಹೊರದೇಶಗಳಿಗೆ ಹೋಗಬೇಕಾಗಿಲ್ಲ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ತಾಂತ್ರಿಕ ಸಾಹಸವನ್ನು ಎಲ್ಲರೂ ಕೊಂಡಾಡುತ್ತಾರೆ. ವಾಣಿಜ್ಯ ವಿದ್ಯಾರ್ಥಿ ಗಮನಿಸಬೇಕಾದ ಅಂಶ ಬೇರೆಯಿದೆ. ಆ ವಿದ್ಯುತ್ತನ್ನು ನಿರಂತರವಾಗಿ ಕೊಳ್ಳಬಲ್ಲ ದೊಡ್ಡ ಗ್ರಾಹಕರಾದ ಗಣಿ ಕಂಪನಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡೇ ಯೋಜನೆಗೆ ಬಂಡವಾಳ ಹೂಡಲಾಯಿತು. ಸರಕು ತಯಾರಾದ ಮೇಲೆ ಗಿರಾಕಿಯನ್ನು ಹುಡುಕುವ ಪರಿಸ್ಥಿತಿ ಅಲ್ಲಿ ಇರಲಿಲ್ಲ.

ಎರಡನೆಯ ನಿದರ್ಶನ ಮೈಸೂರು ಸಕ್ಕರೆ ಕಂಪನಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಮುಂದೆ ಅಂದಿನ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ ಸೀಮೆಗೆ ನೀರು ತಂದಿತು. ನೀರು ಬಂದ ಮಾತ್ರಕ್ಕೆ ರೈತನ ಆದಾಯ ಹೆಚ್ಚಲಾರದು, ಬೆಳೆದುದನ್ನು ಕೊಳ್ಳುವ ಖಾತರಿ ಬೇಕು ಎಂಬುದನ್ನು ಅರಿತು 1933ರಲ್ಲಿ ಕಂಪನಿಯನ್ನು ಸ್ಥಾಪಿಸಲಾಯಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ಡಾ. ಲೆಸ್ಲಿ ಕೋಲ್‌ಮನ್ ಅವರ ಹೆಸರು ಇಂದಿಗೂ ಮಂಡ್ಯದಲ್ಲಿ ಈ ಕಾರಣಕ್ಕಾಗಿಯೇ ಸ್ಮರಣೀಯವಾಗಿದೆ. ಸರ್ಕಾರದೊಂದಿಗೆ ರೈತರೂ ಇಲ್ಲಿ ಷೇರುದಾರರಾದರು. ನಾಲೆ, ಕಬ್ಬು, ಕಾರ್ಖಾನೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡದ್ದರಿಂದ ಜಿಲ್ಲೆಯ ಆರ್ಥಿಕ ಚಿತ್ರವೇ ಬದಲಾಯಿತು. ಹೊಂದಾಣಿಕೆ ತಪ್ಪಿದರೆ ಎಷ್ಟು ದೊಡ್ಡ ಯಂತ್ರವೂ ಮೌನವಾಗುತ್ತದೆ ಎಂಬುದಕ್ಕೂ ಅದೇ ಕಾರ್ಖಾನೆ ಸಾಕ್ಷಿ: ಕೆಲವು ವರ್ಷ ಸ್ಥಗಿತಗೊಂಡಿದ್ದ ಅದು 2022ರಲ್ಲಿ ಮರಳಿ ಕಬ್ಬು ಅರೆಯಲು ಆರಂಭಿಸಿತು.

ಮೂರನೆಯದು ಹಾಲಿನ ವ್ಯವಹಾರ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ದೊಡ್ಡ ಡೇರಿ ಇದೆ. ದಿನಕ್ಕೆ 10 ಲಕ್ಷ ಲೀಟರ್ ಸಾಮರ್ಥ್ಯದ ಹೊಸ ಘಟಕವು 2022ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಆದರೆ ಸಹಕಾರಿ ಹಾಲು ವ್ಯವಸ್ಥೆಯ ನಿಜವಾದ ಬಲ ಘಟಕದಲ್ಲಿಲ್ಲ, ಹಳ್ಳಿಯ ಸಂಘದ ಹಾಲು ಪರೀಕ್ಷೆಯ ಮೇಜಿನಲ್ಲಿದೆ. ಹಾಲಿಗೆ ಬೆಲೆ ಕಟ್ಟುವಾಗ ಅಳತೆಯ ಜೊತೆಗೆ ಕೊಬ್ಬಿನಂಶ ಹಾಗೂ ಇತರ ಘನಾಂಶವನ್ನೂ ನೋಡಲಾಗುತ್ತದೆ. ನೀರು ಬೆರೆಸಿದರೆ ಲಾಭವಿಲ್ಲ ಎಂಬುದನ್ನು ಉಪದೇಶದಿಂದ ಅಲ್ಲ, ಹಣ ಪಾವತಿಯ ಕ್ರಮದಿಂದ ಅಲ್ಲಿ ಕಲಿಸಲಾಗಿದೆ.

3. ಆಲೆಮನೆಯ ಈಗಿನ ಕ್ರಮ ಮತ್ತು ಅದರ ಪರಿಣಾಮ

ಇದೇ ಜಿಲ್ಲೆಯಲ್ಲಿ, ಅದೇ ನಾಲೆಯ ನೀರಿನಲ್ಲಿ ಬೆಳೆದ ಕಬ್ಬಿನಿಂದ ತಯಾರಾಗುವ ಬೆಲ್ಲದಲ್ಲಿ ಹೀಗಾಗಿಲ್ಲ. ಗಾಣದಲ್ಲಿ ಕಬ್ಬು ಅರೆದು, ರಸವನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣದ ತಿಳಿ ಹಾಕಿ, ಮೇಲೆ ಬಂದ ಮಡ್ಡಿಯನ್ನು ತೆಗೆದು, ಪಾಕ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಇಳಿಸಿ ಅಚ್ಚಿಗೆ ಹೊಯ್ಯುವುದು ಬಲ್ಲವರಿಗೆಲ್ಲ ತಿಳಿದ ಸಂಗತಿ. ಅಚ್ಚು, ಕುರಿಕಾಲಚ್ಚು, ಬಕೆಟ್, ಬಾಕ್ಸ್ ಎಂಬ ಬಗೆಗಳಲ್ಲಿ ಈ ಬೆಲ್ಲ ಮಂಡ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣಕ್ಕೆ ಬರುತ್ತದೆ.

ಅಲ್ಲಿ ಬೆಲೆ ಕಟ್ಟುವವನ ಕಣ್ಣು ಮೊದಲು ನೋಡುವುದು ಬಣ್ಣವನ್ನು. ಬಿಳುಪು ಮಿಶ್ರಿತ ಹಳದಿ ಬಣ್ಣದ ಬೆಲ್ಲಕ್ಕೆ ಹೆಚ್ಚಿನ ಬೆಲೆ, ಕಂದು ಬಣ್ಣದ್ದಕ್ಕೆ ಕಡಿಮೆ ಬೆಲೆ. ರಾಸಾಯನಿಕವಿಲ್ಲದೆ ಮಾಡಿದ ಬೆಲ್ಲವು ಸಹಜವಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೀಗಾಗಿ ‘ಹೈಡ್ರೋಸ್’ ಎಂದು ಕರೆಯಲಾಗುವ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿ ಆಲೆಮನೆಗೆ ಪ್ರವೇಶಿಸಿತು. ಅದರಿಂದ ಬರುವ ಬಿಳುಪು ಕೆಲವು ವಾರಗಳ ದಾಸ್ತಾನಿನಲ್ಲಿ ಮಂಕಾಗುತ್ತದೆಯಾದರೂ ಹರಾಜಿನ ದಿನ ಅದು ಹೊಳೆಯುತ್ತಿದ್ದರೆ ಸಾಕಾಗುತ್ತದೆ. ಬಣ್ಣ ಮತ್ತು ಗಟ್ಟಿತನಕ್ಕಾಗಿ ಸಕ್ಕರೆ ಬೆರೆಸುವ ಪಿಡುಗೂ ಇದೇ ದಾರಿಯಲ್ಲಿ ಬಂದಿತು.

1955ರ ಆಹಾರ ಕಲಬೆರಕೆ ತಡೆ ನಿಯಮಗಳ ಕಾಲದಲ್ಲಿಯೇ ಗಟ್ಟಿ ಬೆಲ್ಲದ ತೇವಾಂಶ ಶೇ. 10 ಮೀರಬಾರದೆಂದೂ, ಗಂಧಕದ ಡೈಆಕ್ಸೈಡ್ ಪ್ರಮಾಣವು ಹತ್ತು ಲಕ್ಷ ಭಾಗಕ್ಕೆ 70 ಭಾಗ ಮೀರಬಾರದೆಂದೂ ಮಿತಿ ಹಾಕಲಾಗಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಆ ಹಳೆಯ ವ್ಯವಸ್ಥೆಯ ಸ್ಥಾನವನ್ನು ಪಡೆಯಿತು. ಕಾನೂನು ಇದ್ದೂ ಅಭ್ಯಾಸ ಉಳಿದದ್ದೇಕೆ? ಬೆಲೆಯ ಕ್ರಮ ಬಣ್ಣಕ್ಕೆ ಹಣ ಕೊಡುತ್ತಿತ್ತು, ಶುದ್ಧತೆಗೆ ಕೊಡುತ್ತಿರಲಿಲ್ಲ. ಆಲೆಮನೆಯವನು ದುಷ್ಟನೆಂದು ಭಾವಿಸುವುದಕ್ಕಿಂತ ಅವನು ಹಣ ಸಂದಾಯದ ಕ್ರಮವನ್ನು ಸರಿಯಾಗಿ ಅರ್ಥಮಾಡಿಕೊಂಡನೆಂದು ಹೇಳುವುದೇ ಹೆಚ್ಚು ನ್ಯಾಯ.

ಕೂಲಿಯ ವಿಷಯವೂ ಹೀಗೆಯೇ. ಅನೇಕ ಕಡೆ ಕೂಲಿಯನ್ನು ಇಳಿಸಿದ ಕೊಪ್ಪರಿಗೆಗಳ ಎಣಿಕೆ ಅಥವಾ ಬೆಲ್ಲದ ತೂಕದ ಮೇಲೆ ಕೊಡಲಾಗುತ್ತದೆ. ಮಡ್ಡಿ ತೆಗೆಯಲು ಹೆಚ್ಚು ಸಮಯ ಹಿಡಿದರೆ ಕೆಲಸಗಾರನ ದಿನದ ಗಳಿಕೆ ಕಡಿಮೆಯಾಗುತ್ತದೆ. ಬೆಂಡೆ ಗಿಡದ ಲೋಳೆಯಿಂದ ರಸವನ್ನು ತಿಳಿಗೊಳಿಸುವ ಹಳೆಯ, ನಿರಪಾಯಕರ ವಿಧಾನವನ್ನು ಮಾಲೀಕರು ಮತ್ತೆ ತರಲು ಬಯಸಿದರೂ ಕೂಲಿಯ ಕ್ರಮ ಅದನ್ನು ತಳ್ಳಿಹಾಕುತ್ತದೆ.

ಈ ಕಾರಣದಿಂದಲೇ ‘ಮಂಡ್ಯ ಬೆಲ್ಲ’ ಎಂಬ ಹೆಸರಿನ ಮೇಲಿನ ನಂಬಿಕೆ ಪಣಕ್ಕೆ ಬಿದ್ದಿದೆ. ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ಕ್ರಮದಲ್ಲಿ ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ ಆಯ್ಕೆ ಮಾಡಲಾಗಿದೆ. ಹೆಸರು ಉಳಿದರೆ ಆಲೆಮನೆಯೂ ಉಳಿದೀತು. ಹೆಸರು ಕೆಟ್ಟರೆ ಕಬ್ಬೆಲ್ಲವೂ ಸಕ್ಕರೆ ಕಾರ್ಖಾನೆಗಳ ದಾರಿ ಹಿಡಿಯುವುದು ನಿಶ್ಚಿತ. 2025-26ರ ಸಾಲಿಗೆ ಕೇಂದ್ರ ಸರ್ಕಾರವು ಶೇ. 10.25 ಇಳುವರಿಗೆ ಕ್ವಿಂಟಾಲ್ ಕಬ್ಬಿಗೆ 355 ರೂಪಾಯಿ ನ್ಯಾಯೋಚಿತ ಬೆಲೆ ನಿಗದಿಪಡಿಸಿತು. ಕಬ್ಬಿಗಾಗಿ ಕಾರ್ಖಾನೆಯೊಡನೆ ಪೈಪೋಟಿ ನಡೆಸಬೇಕಾದ ಆಲೆಮನೆಯು ಸಾಧಾರಣ ಬೆಲ್ಲದ ಬೆಲೆಯಲ್ಲಿ ಬಹುಕಾಲ ಬಾಳಲಾರದು.

4. ಆಯ್ಕೆ ಮಾಡಿಕೊಳ್ಳಬೇಕಾದ ಐದು ಕಾರ್ಯವಿಧಾನಗಳು

ಎಲ್ಲ ಕ್ರಮಗಳನ್ನೂ ಒಮ್ಮೆಗೇ ಬದಲಿಸಲು ಹೊರಟರೆ ನಡೆಯುತ್ತಿರುವ ವ್ಯಾಪಾರವೂ ಕೈತಪ್ಪುತ್ತದೆ. ಈ ಕೆಳಗಿನ ಐದನ್ನು ಇದೇ ಅನುಕ್ರಮದಲ್ಲಿ ಆರಿಸಿಕೊಳ್ಳುವುದು ಯುಕ್ತ.

ಮೊದಲನೆಯದು, ದಾಖಲೆಯ ಕ್ರಮ. ಪ್ರತಿ ಕೊಪ್ಪರಿಗೆಗೂ ಒಂದು ಕ್ರಮಸಂಖ್ಯೆ ಕೊಟ್ಟು ಒಂದು ಪುಸ್ತಕವನ್ನು ಇಡತಕ್ಕದ್ದು. ಕಬ್ಬು ಯಾರ ಗದ್ದೆಯದು, ತಳಿ ಯಾವುದು, ಕಡಿದು ಎಷ್ಟು ಗಂಟೆಯಾಯಿತು, ಸುಣ್ಣ ಎಷ್ಟು, ಇಳಿಸಿದಾಗ ಉಷ್ಣತೆ ಎಷ್ಟು, ಬಂದ ಬೆಲ್ಲದ ತೂಕ ಎಷ್ಟು, ಕೊಂಡವರು ಯಾರು ಎಂಬ ಏಳು ಅಂಕಣಗಳು ಸಾಕು. ಕಡಿದ ಕಬ್ಬು ಹೆಚ್ಚು ಹೊತ್ತು ಬಿದ್ದಿದ್ದರೆ ಅದರ ಸಕ್ಕರೆ ಅಂಶ ಒಡೆದು ಬೆಲ್ಲ ಮೆದುವಾಗುತ್ತದೆ. ಪುಸ್ತಕವಿಲ್ಲದಿದ್ದರೆ ಈ ದೋಷವನ್ನು ಪಾಕ ಇಳಿಸಿದವನ ತಲೆಗೆ ಕಟ್ಟುವುದು ವಾಡಿಕೆ. ಪುಸ್ತಕವಿದ್ದರೆ ದೋಷ ಇರುವುದು ಕಟಾವಿನಲ್ಲಿಯೋ, ಸಾಗಣೆಯಲ್ಲಿಯೋ, ಒಲೆಯಲ್ಲಿಯೋ ಎಂಬುದು ಒಂದು ತಿಂಗಳಲ್ಲಿ ಗೋಚರವಾಗುತ್ತದೆ. ಕೋ 62175, ಕೋ 86032, ವಿ.ಸಿ.ಎಫ್. 0517 ಮುಂತಾದ ತಳಿಗಳಲ್ಲಿ ತಮ್ಮ ಒಲೆಗೆ ಯಾವುದು ಹೊಂದುತ್ತದೆ ಎಂಬುದನ್ನೂ ಅದೇ ಪುಸ್ತಕ ತಿಳಿಸುತ್ತದೆ. ಇಂತಹ ದಾಖಲೆಯೊಂದಿಗೆ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದ ಉದ್ಯಮಿಗೆ ದೊರೆಯುವ ಸಲಹೆಗೂ, ಬರಿಗೈಯಲ್ಲಿ ಹೋದವನಿಗೆ ದೊರೆಯುವ ಸಲಹೆಗೂ ಬಹಳ ಅಂತರವಿರುತ್ತದೆ.

ಎರಡನೆಯದು, ಹಣ ಸಂದಾಯದ ಕ್ರಮ. ಹೊಸ ಸರಕಿನ ಕೊಪ್ಪರಿಗೆಗೆ ಮಾತ್ರ ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಟ್ಟು, ನಿಗದಿತ ಗುಣಮಟ್ಟ ಬಂದ ಪ್ರತಿ ಕೊಪ್ಪರಿಗೆಗೆ ಪ್ರತ್ಯೇಕ ಭತ್ಯೆ ಇಡುವುದು ಸೂಕ್ತ. ಕಬ್ಬು ಪೂರೈಸುವ ರೈತನಿಗೂ ಕಟಾವಾದ ದಿನವೇ ಗಾಣ ಮುಟ್ಟಿಸಿದರೆ ಟನ್ನಿಗೆ ಇಷ್ಟು ಎಂದು ಹೆಚ್ಚುವರಿ ಕೊಡಬಹುದು. ಹಾಲಿನ ಸಂಘದ ಮೇಜಿನ ಪಾಠವನ್ನು ಗಾಣದ ಮನೆಗೆ ತರುವುದೆಂದರೆ ಇದೇ.

ಮೂರನೆಯದು, ತೀರ್ಮಾನದ ಕ್ರಮ. ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ದೋಷ ಕಂಡ ಕೂಡಲೇ ಹಗ್ಗ ಎಳೆದು ಎಚ್ಚರಿಸಿ, ದೋಷ ಸರಿಹೋಗದಿದ್ದರೆ ಉತ್ಪಾದನಾ ಸಾಲನ್ನೇ ನಿಲ್ಲಿಸುವ ಅವಕಾಶ ಸಾಮಾನ್ಯ ಕೆಲಸಗಾರನಿಗೂ ಉಂಟು. ಆಲೆಮನೆಯಲ್ಲಿ ರಸದ ಸ್ಥಿತಿಯನ್ನು ಮಾಲೀಕರಿಗಿಂತ ಮೊದಲು ಅರಿಯುವವನು ಒಲೆಯ ಮುಂದೆ ನಿಂತವನು. ‘ಈ ಕೊಪ್ಪರಿಗೆ ಪೊಟ್ಟಣಕ್ಕೆ ಬೇಡ, ಮಂಡಿಗೆ ಹೋಗಲಿ’ ಎಂದು ಹೇಳುವ ಅಧಿಕಾರ ಅವನಿಗೆ ಇರತಕ್ಕದ್ದು, ಮತ್ತು ಹಾಗೆ ಹೇಳಿದ್ದಕ್ಕೆ ಅವನ ಕೂಲಿಯಲ್ಲಿ ಕಡಿತವಾಗಕೂಡದು.

ನಾಲ್ಕನೆಯದು, ಪ್ರಯೋಗದ ಕ್ರಮ. ಹೊಸ ಸರಕನ್ನು ಮುಖ್ಯ ವ್ಯಾಪಾರದಿಂದ ಪ್ರತ್ಯೇಕಿಸಿ, ವಾರಕ್ಕೆ ಒಂದೋ ಎರಡೋ ಕೊಪ್ಪರಿಗೆಗೆ ಸೀಮಿತಗೊಳಿಸಬೇಕು. ಆರಂಭಿಸುವ ಮೊದಲೇ ಮೂರು ಅಂಶಗಳನ್ನು ಬರೆದಿಡಬೇಕು: ಎಷ್ಟು ತಿಂಗಳು ನಡೆಸುವುದು, ಹೆಚ್ಚೆಂದರೆ ಎಷ್ಟು ಹಣ ಕಳೆದುಕೊಳ್ಳಲು ಸಿದ್ಧ, ಯಾವ ಅಂಕಿ ಕಂಡರೆ ನಿಲ್ಲಿಸುವುದು. ನಿಲ್ಲಿಸುವ ಅಂಕಿಯನ್ನು ಮೊದಲೇ ಬರೆಯದಿದ್ದರೆ ಮಾನಾಭಿಮಾನಕ್ಕೆ ಕಟ್ಟುಬಿದ್ದು ನಷ್ಟವನ್ನು ಎಳೆಯುತ್ತ ಹೋಗುವುದು ಮನುಷ್ಯ ಸಹಜ.

ಐದನೆಯದು, ಗಿರಾಕಿಯ ಮಾತು ಮರಳಿ ಬರುವ ಕ್ರಮ. ಮಂಡಿಯಲ್ಲಿ ಮಾರಿದ ಬೆಲ್ಲ ಯಾರ ಮನೆ ಸೇರಿತೆಂಬುದು ತಯಾರಕನಿಗೆ ತಿಳಿಯುವುದಿಲ್ಲ. ಪೊಟ್ಟಣದ ಮೇಲೆ ಕೊಪ್ಪರಿಗೆಯ ಸಂಖ್ಯೆ ಇದ್ದರೆ ದೂರು ಬಂದಾಗ ಪುಸ್ತಕದ ಆಯಾ ಪುಟ ತೆರೆಯಬಹುದು. 2015ರಲ್ಲಿ ಆರಂಭಗೊಂಡ ‘ಆರ್ಗ್ಯಾನಿಕ್ ಮಂಡ್ಯ’ ಎಂಬ ಪ್ರಯತ್ನವು ಹೆದ್ದಾರಿಯ ಬದಿಯಲ್ಲಿ ಮಳಿಗೆ ತೆರೆದು ಬಳಕೆದಾರರನ್ನು ನೇರವಾಗಿ ಎದುರುಗೊಂಡದ್ದು ಇಲ್ಲಿ ಉಲ್ಲೇಖನೀಯ. ಅದರ ವಿಶೇಷ ಸರಕಿಗಿಂತ ಹೆಚ್ಚಾಗಿ ರೈತ ಮತ್ತು ನಗರದ ಬಳಕೆದಾರರ ನಡುವಿನ ಅಂತರವನ್ನು ಕಡಿಮೆ ಮಾಡಿದ ಕ್ರಮದಲ್ಲಿತ್ತು.

5. ಒಂದು ಮಾದರಿ ಲೆಕ್ಕ

ಪ್ರಯೋಗಕ್ಕೆ ನಿಲ್ಲಿಸುವ ಅಂಕಿಯನ್ನು ಕಂಡುಹಿಡಿಯುವ ಬಗೆಯನ್ನು ಈಗ ನೋಡಬಹುದು. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ಪುಸ್ತಕದ ಅಂಕಿಗಳನ್ನು ಅಲ್ಲಿ ಇಟ್ಟುಕೊಳ್ಳತಕ್ಕದ್ದು.

ಒಂದು ಟನ್ ಕಬ್ಬಿಗೆ 3,300 ರೂ., ಕೂಲಿ 700 ರೂ., ವಿದ್ಯುತ್, ಸುಣ್ಣ ಮೊದಲಾದವು 200 ರೂ. ಎಂದು ಇಟ್ಟುಕೊಂಡರೆ ಒಟ್ಟು ವೆಚ್ಚ 4,200 ರೂ. ಇಳುವರಿ ಶೇ. 10ರಂತೆ 100 ಕಿಲೋ ಬೆಲ್ಲ ಬರುತ್ತದೆ. ಮಂಡಿಯಲ್ಲಿ ಕಿಲೋಗೆ 45 ರೂ. ದೊರೆತರೆ ಮಾರಾಟ 4,500 ರೂ., ಉಳಿತಾಯ 300 ರೂ.

ಅದೇ ಒಂದು ಟನ್ ಕಬ್ಬಿನಿಂದ ರಾಸಾಯನಿಕ ರಹಿತ ಪೊಟ್ಟಣದ ಬೆಲ್ಲ ಮಾಡಿದಾಗ ಮಡ್ಡಿ ಹೆಚ್ಚು ತೆಗೆಯುವುದರಿಂದ 95 ಕಿಲೋ ಮಾತ್ರ ಬರುವುದೆಂದು ಭಾವಿಸೋಣ. ಮೂಲ ವೆಚ್ಚ 4,200 ರೂ. ಜೊತೆಗೆ ಹೆಚ್ಚುವರಿ ಕೂಲಿ 300 ರೂ., ಕಿಲೋಗೆ 5 ರೂ.ನಂತೆ ಪೊಟ್ಟಣದ ವೆಚ್ಚ 475 ರೂ., ಪ್ರಯೋಗಾಲಯದ ಪರೀಕ್ಷೆ ಮತ್ತು ಚೀಟಿಯ ಪಾಲು 500 ರೂ. ಸೇರಿ ಒಟ್ಟು 5,475 ರೂ. ಅಂಗಡಿಗಳು 60 ದಿನಗಳ ನಂತರ ಹಣ ಕೊಡುವುದಾದರೆ ಶೇ. 12ರ ದರದಲ್ಲಿ ಬಡ್ಡಿ ಸುಮಾರು 108 ರೂ. ಹೀಗೆ ಒಟ್ಟು 5,583 ರೂ. ಆಗುತ್ತದೆ.

ತೆರಿಗೆ ಹೊರತುಪಡಿಸಿ ಕಿಲೋಗೆ 70 ರೂ. ದೊರೆತು 95 ಕಿಲೋ ಪೂರ್ತಿ ಮಾರಾಟವಾದರೆ 6,650 ರೂ. ಬಂದು 1,067 ರೂ. ಉಳಿಯುತ್ತದೆ. ಕಾಗದದ ಮೇಲೆ ಇದು ಮಂಡಿಯ ಉಳಿತಾಯದ ಮೂರೂವರೆ ಪಟ್ಟು. ಆದರೆ ಸಹಜ ಬೆಲ್ಲ ಮಳೆಗಾಲದಲ್ಲಿ ತೇವ ಹೀರಿಕೊಳ್ಳುತ್ತದೆ, ಅಂಗಡಿಯವರು ಮರಳಿಸುತ್ತಾರೆ. ಶೇ. 10 ಮರಳಿದರೆ ಮಾರಾಟವಾಗುವುದು 85.5 ಕಿಲೋ, ಬರುವ ಹಣ 5,985 ರೂ., ಉಳಿತಾಯ 402 ರೂ. ಶೇ. 20 ಮರಳಿದರೆ 76 ಕಿಲೋಗೆ 5,320 ರೂ. ಬಂದು 263 ರೂ. ನಷ್ಟ.

ಹೊಸ ದಾರಿಯು ಹಳೆಯ ದಾರಿಗೆ ಸಮನಾಗಲು 5,583ಕ್ಕೆ 300 ಸೇರಿಸಿ 5,883 ರೂ. ಬರಬೇಕು. ಅದನ್ನು 70ರಿಂದ ಭಾಗಿಸಿದರೆ 84 ಕಿಲೋ. ಅಂದರೆ ಮರಳಿ ಬರುವ ಪ್ರಮಾಣ ಸುಮಾರು ಶೇ. 11.5 ದಾಟಿದ ಕ್ಷಣ ಈ ಹೊಸ ಸರಕು ಹಳೆಯದಕ್ಕಿಂತ ಕೀಳಾಗುತ್ತದೆ. ನಿಲ್ಲಿಸುವ ಅಂಕಿ ಇದೇ. ಈ ಉದ್ಯಮಿಯ ಮುಂದಿನ ಹೊಸತನ ಹೊಸ ರುಚಿಯಲ್ಲಿ ಇರಬೇಕಾಗಿಲ್ಲ, ತೇವ ತಡೆಯುವ ಪೊಟ್ಟಣದಲ್ಲಿ ಮತ್ತು ಹಣ ವಸೂಲಿಯ ಅವಧಿಯಲ್ಲಿ ಇರಬೇಕು ಎಂಬುದನ್ನೂ ಈ ಲೆಕ್ಕವೇ ಹೇಳುತ್ತದೆ. ಯಾವ ಕಾರ್ಯವಿಧಾನವನ್ನು ಮೊದಲು ಸುಧಾರಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ಊಹೆಯಿಂದಲ್ಲ, ಹೀಗೆ ಅಂಕಿಗಳಿಂದ ಪಡೆಯಬೇಕು.

6. ತೆರಿಗೆ ಮತ್ತು ಲೆಕ್ಕಪತ್ರದ ಅಂಶಗಳು

ಹೊಸ ಮಾರಾಟ ಕ್ರಮವನ್ನು ಆರಿಸುವಾಗ ತೆರಿಗೆಯ ಪರಿಣಾಮವನ್ನು ಮುಂಚೆಯೇ ಅರಿತಿರುವುದು ಅವಶ್ಯ. ಸಡಿಲವಾಗಿ ಮಾರುವ ಬೆಲ್ಲಕ್ಕೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮುಂಚಿತವಾಗಿ ಪೊಟ್ಟಣ ಕಟ್ಟಿ ಚೀಟಿ ಹಚ್ಚಿದ ಬೆಲ್ಲಕ್ಕೆ ಶೇ. 5 ತೆರಿಗೆ ಅನ್ವಯವಾಗುತ್ತದೆ. ಜೋನಿ ಬೆಲ್ಲದ ಮೇಲೆ ಇದ್ದ ಶೇ. 18ರ ತೆರಿಗೆಯನ್ನು 2023ರ ಮಾರ್ಚ್‌ನಲ್ಲಿ ಇಳಿಸಿ ಇದೇ ಮಾದರಿಗೆ ತರಲಾಯಿತು. ತೆರಿಗೆ ಬಿತ್ತೆಂದು ಹಿಂಜರಿಯುವ ಮೊದಲು ಅದರ ಇನ್ನೊಂದು ಮುಖವನ್ನೂ ನೋಡಬೇಕು: ತೆರಿಗೆ ಕಟ್ಟುವ ಸರಕಿನ ತಯಾರಿಕೆಗೆ ಕೊಂಡ ಯಂತ್ರ, ಪೊಟ್ಟಣದ ಸಾಮಗ್ರಿ ಮುಂತಾದವುಗಳ ಮೇಲೆ ತೆತ್ತ ತೆರಿಗೆಯನ್ನು, ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ನಿಯಮಾನುಸಾರ ಜಮೆ ಪಡೆಯಬಹುದು. ಎರಡೂ ಬಗೆಯ ಮಾರಾಟ ಇರುವಲ್ಲಿ ಜಮೆಯನ್ನು ಪ್ರಮಾಣಾನುಸಾರ ಹಂಚಬೇಕಾಗುತ್ತದೆ. ಆದ್ದರಿಂದ ದಾಸ್ತಾನು ಪುಸ್ತಕದಲ್ಲಿ ಇವೆರಡನ್ನೂ ಮೊದಲ ದಿನದಿಂದಲೇ ಬೇರೆ ಬೇರೆ ಬರೆಯುವುದು ಕ್ಷೇಮ.

ಅಂಗಡಿಗಳಿಗೆ ಉದ್ದರಿ ಕೊಡುವವರು ಉದ್ಯಮ್ ನೋಂದಣಿಯನ್ನು ಮಾಡಿಸಿರತಕ್ಕದ್ದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಮೇರೆಗೆ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಕೊಂಡವರು ಲಿಖಿತ ಕರಾರು ಇದ್ದರೂ 45 ದಿನಗಳನ್ನು ಮೀರದಂತೆ ಹಣ ಕೊಡಬೇಕು. ಮೇಲಿನ ಮಾದರಿ ಲೆಕ್ಕದ 60 ದಿನಗಳ ಉದ್ದರಿ ಈ ಮಿತಿಯನ್ನು ಮೀರಿದೆ ಎಂಬುದನ್ನು ಓದುಗರು ಗಮನಿಸಿರಬಹುದು. ವಾಡಿಕೆಯೆಂದು ಒಪ್ಪಿಕೊಂಡು ಬಂದ ಎಷ್ಟೋ ಕ್ರಮಗಳು ಹೀಗೆ ಕಾನೂನಿನ ಎದುರು ನಿಲ್ಲಲಾರವು.

ಪ್ರಯೋಗದ ಖರ್ಚನ್ನು ಯಾವ ಖಾತೆಗೆ ಹಾಕುವುದು ಎಂಬ ಪ್ರಶ್ನೆಯೂ ಏಳುತ್ತದೆ. ಲೆಕ್ಕ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಹಾಕತಕ್ಕದ್ದು. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಬೇಕಾದರೆ ತಾಂತ್ರಿಕ ಸಾಧ್ಯತೆ, ಮುಂದಿನ ಲಾಭ, ವೆಚ್ಚದ ನಿಖರ ಅಳತೆ ಮುಂತಾದ ಷರತ್ತುಗಳು ಪೂರೈಸಿರಬೇಕು. ಮಾರಾಟವಾಗದೆ ಉಳಿದ ಬೆಲ್ಲವನ್ನು ವೆಚ್ಚದ ಬೆಲೆ ಅಥವಾ ಮಾರಿದರೆ ನಿವ್ವಳ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಿರುವುದಕ್ಕೆ ಇಳಿಸಿ ತೋರಿಸಬೇಕೆಂದು ಲೆಕ್ಕ ಮಾನಕ 2 ಹೇಳುತ್ತದೆ. ಮಾನಕಗಳು ಕಡ್ಡಾಯವಲ್ಲದ ಚಿಕ್ಕ ಸಂಸ್ಥೆಯೂ ಈ ಶಿಸ್ತನ್ನು ಪಾಲಿಸಿದರೆ ನಷ್ಟವು ದಾಸ್ತಾನಿನಲ್ಲಿ ಅಡಗಿ ಕುಳಿತುಕೊಳ್ಳಲು ಆಸ್ಪದವಿರುವುದಿಲ್ಲ.

ಬಂಡವಾಳದ ಬಗ್ಗೆ ಒಂದು ಮಾತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಡಿ ಘಟಕವೊಂದಕ್ಕೆ ವೆಚ್ಚದ ಶೇ. 35ರಷ್ಟು, 10 ಲಕ್ಷ ರೂ. ಮಿತಿಗೆ ಒಳಪಟ್ಟು, ಸಾಲ ಆಧಾರಿತ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಕರ್ನಾಟಕ ಸರ್ಕಾರವು ಅದಕ್ಕೆ ಶೇ. 15ನ್ನು ಸೇರಿಸಿತು. ಅರ್ಜಿ ಹಾಕುವ ಮೊದಲು ಆಯಾ ವರ್ಷದ ಷರತ್ತುಗಳನ್ನು ವಿಚಾರಿಸಿಕೊಳ್ಳಬೇಕು. ಸಹಾಯಧನ ಯಂತ್ರವನ್ನು ತಂದುಕೊಡಬಹುದು, ಆದರೆ ಕಾರ್ಯವಿಧಾನವನ್ನು ತಂದುಕೊಡಲಾರದು.

7. ಮಾರುಕಟ್ಟೆಯೇ ಜಾಗ ಬದಲಿಸಿದಾಗ: ಮದ್ದೂರಿನ ಅನುಭವ

ಕಾರ್ಯವಿಧಾನಗಳನ್ನು ಒಮ್ಮೆ ಆರಿಸಿ ಸುಮ್ಮನಾಗುವಂತಿಲ್ಲ ಎಂಬುದಕ್ಕೆ ಮದ್ದೂರು ವಡೆಗಿಂತ ಉತ್ತಮ ಉದಾಹರಣೆ ಸಿಗಲಾರದು. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ, ಗಾಡಿ ನಿಲ್ಲುವ ಅಲ್ಪ ಸಮಯದಲ್ಲಿ ಬೇಗ ಮಾಡಿಕೊಡಬಹುದಾದ ತಿಂಡಿಯಾಗಿ ಅದು ಹುಟ್ಟಿತೆಂಬ ಪ್ರತೀತಿಯಿದೆ. ಸಮಯದ ಅಭಾವವೇ ಅಲ್ಲಿ ಹೊಸತನಕ್ಕೆ ಕಾರಣ. ಮುಂದೆ ರೈಲಿನೊಂದಿಗೆ ರಸ್ತೆಯೂ ಸೇರಿ, ಹೆದ್ದಾರಿಯ ಬದಿಯ ಹೋಟೆಲುಗಳು ಬೆಂಗಳೂರು-ಮೈಸೂರು ಪ್ರಯಾಣಿಕರನ್ನು ನಂಬಿ ಬೆಳೆದವು.

2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆ ನೆರವೇರಿತು. ಮದ್ದೂರು ಮತ್ತು ಮಂಡ್ಯಕ್ಕೆ ಬೈಪಾಸ್ ಆದುದರಿಂದ ವಾಹನಗಳು ಊರ ಹೊರಗೇ ಸಾಗತೊಡಗಿದವು. ಹಳೆಯ ರಸ್ತೆಯ ಹೋಟೆಲು, ಎಳನೀರು ಅಂಗಡಿ, ಆಟಿಕೆ ಮಳಿಗೆಗಳ ವ್ಯಾಪಾರ ಕುಸಿಯಿತು. ಸರಕು ಬದಲಾಗಿರಲಿಲ್ಲ, ರುಚಿ ಕೆಟ್ಟಿರಲಿಲ್ಲ. ಗಿರಾಕಿ ತಾನಾಗಿ ಬಾಗಿಲಿಗೆ ಬರುತ್ತಾನೆ ಎಂಬ ಕ್ರಮ ಮಾತ್ರ ಮುರಿದುಬಿತ್ತು.

ಬಿಸಿ ವಡೆಯನ್ನು ತಟ್ಟೆಯಲ್ಲಿ ಕೊಡುವ ವ್ಯಾಪಾರವನ್ನು ಪೊಟ್ಟಣದಲ್ಲಿ ಕಳುಹಿಸುವ ವ್ಯಾಪಾರವಾಗಿ ಪರಿವರ್ತಿಸಲು ಎಣ್ಣೆ ಬದಲಿಸುವ ವೇಳಾಪಟ್ಟಿ, ತೇವಾಂಶದ ಪರೀಕ್ಷೆ, ತಯಾರಿಸಿದ ದಿನಾಂಕ, ಮರಳಿ ಬಂದ ಸರಕಿನ ಲೆಕ್ಕ ಇವೆಲ್ಲವೂ ಹೊಸದಾಗಿ ಬೇಕಾಗುತ್ತವೆ. ಪಾಕ ವಿಧಾನ ಅದೇ ಇದ್ದರೂ ಉದ್ಯಮವೇ ಬೇರೆ. ತಮ್ಮ ವ್ಯಾಪಾರ ಯಾವ ಒಂದೇ ಒಂದು ಊಹೆಯ ಮೇಲೆ ನಿಂತಿದೆ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಬರೆದು ಪರಿಶೀಲಿಸುವ ಅಭ್ಯಾಸವನ್ನು ಪ್ರತಿಯೊಬ್ಬ ಉದ್ಯಮಿಯೂ ರೂಢಿಸಿಕೊಳ್ಳಬೇಕಾಗಿದೆ.

8. ವರ್ಜಿಸಬೇಕಾದ ಮೂರು ದೋಷಗಳು

(ಅ) ಕೆಟ್ಟ ಕ್ರಮವನ್ನು ಗಣಕೀಕರಿಸುವುದು. ಅಮೆರಿಕದ ಆಡಳಿತ ತಜ್ಞ ಮೈಕೆಲ್ ಹ್ಯಾಮರ್ 1990ರಲ್ಲಿಯೇ ಇದರ ವಿರುದ್ಧ ಎಚ್ಚರಿಸಿದ್ದರು. ಅನಗತ್ಯ ಹಂತವನ್ನು ಮೊದಲು ತೆಗೆದುಹಾಕಿ ಆ ಮೇಲೆ ಕಂಪ್ಯೂಟರ್ ತರುವುದು ಸರಿಯಾದ ಕ್ರಮ. ಬರಹದಲ್ಲಿ ಸರಿಯಿಲ್ಲದ ದಾಸ್ತಾನು ಪುಸ್ತಕ ಯಂತ್ರಕ್ಕೆ ಏರಿದರೆ ತಪ್ಪು ಬೇಗನೆ ದೊರೆಯುತ್ತದೆ, ಅಷ್ಟೆ.

(ಆ) ಮುಖ್ಯ ವ್ಯಾಪಾರದ ಶಿಸ್ತನ್ನು ಪ್ರಯೋಗಕ್ಕೂ, ಪ್ರಯೋಗದ ಸಡಿಲಿಕೆಯನ್ನು ಮುಖ್ಯ ವ್ಯಾಪಾರಕ್ಕೂ ಅನ್ವಯಿಸುವುದು. ಪ್ರತಿದಿನದ ಬೆಲ್ಲಕ್ಕೆ ಸ್ಥಿರತೆ ಬೇಕು, ಹೊಸ ಬೆಲ್ಲಕ್ಕೆ ತಪ್ಪಿ ಕಲಿಯುವ ಅವಕಾಶ ಬೇಕು. ಎರಡಕ್ಕೂ ಒಂದೇ ಅಳತೆಗೋಲು ಹಿಡಿದರೆ ಎರಡೂ ಕೆಡುತ್ತವೆ.

(ಇ) ಒಬ್ಬರ ತಲೆಯಲ್ಲಿ ಮಾತ್ರ ವಿದ್ಯೆ ಉಳಿಯುವುದು. ಪಾಕ ಬಲ್ಲವನು ಹಂಗಾಮಿನ ನಡುವೆ ಊರಿಗೆ ಹೋದರೆ ಆಲೆಮನೆಯ ಗುಣಮಟ್ಟವೂ ಅವನೊಡನೆ ಹೋಗುತ್ತದೆ. ಉಷ್ಣಮಾಪಕ ಮತ್ತು ಪುಸ್ತಕಗಳ ಬೆಲೆ ಅವನ ಒಂದು ವಾರದ ಗೈರುಹಾಜರಿಯ ನಷ್ಟಕ್ಕಿಂತ ಕಡಿಮೆ.

ಉಪಸಂಹಾರ

ಸರ್ ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದಾಗ, ವರ್ತಕರು ಒಬ್ಬೊಬ್ಬರಾಗಿ ಸಾಧಿಸಲಾರದುದನ್ನು ಒಗ್ಗೂಡಿ ಸಾಧಿಸಬೇಕೆಂಬ ಆಶಯವಿತ್ತು. ಆಲೆಮನೆಯ ಮಾಲೀಕನೊಬ್ಬನು ಪುಸ್ತಕ ಇಡಬಲ್ಲ, ಕೂಲಿಯ ಕ್ರಮ ಬದಲಿಸಬಲ್ಲ, ಪ್ರಯೋಗ ನಡೆಸಬಲ್ಲ. ಆದರೆ ಮಂಡಿಯಲ್ಲಿ ಬಣ್ಣಕ್ಕೆ ಬದಲಾಗಿ ಶುದ್ಧತೆಗೆ ಬೆಲೆ ಕಟ್ಟುವ ಕ್ರಮವನ್ನು ಅವನೊಬ್ಬನೇ ತರಲಾರ. ಅದಕ್ಕೆ ವರ್ತಕರು, ಆಲೆಮನೆಯವರು, ಮಾರುಕಟ್ಟೆ ಸಮಿತಿ ಮತ್ತು ಸಂಶೋಧನಾ ಕೇಂದ್ರದವರು ಒಂದೆಡೆ ಕುಳಿತು, ಪರೀಕ್ಷೆಗೆ ಒಳಪಟ್ಟ ಬೆಲ್ಲವನ್ನು ಪ್ರತ್ಯೇಕ ರಾಶಿಯಾಗಿ ಹರಾಜು ಮಾಡುವ ಏರ್ಪಾಡನ್ನು ವಾರಕ್ಕೊಂದು ದಿನದ ಮಟ್ಟಿಗಾದರೂ ಆರಂಭಿಸಬೇಕು. ಮೊದಲ ವಾರಗಳಲ್ಲಿ ರಾಶಿ ಚಿಕ್ಕದಾಗಿಯೇ ಇದ್ದೀತು. ಹಾಲಿನ ಪರೀಕ್ಷೆಯನ್ನು ಮೇಜಿನ ಮೇಲೆ ಇಟ್ಟು ತೋರಿಸಿದ ಜಿಲ್ಲೆಗೆ ಬೆಲ್ಲದ ಪರೀಕ್ಷೆಯನ್ನು ಇಡುವುದು ಅಸಾಧ್ಯವಾಗಲಾರದು.